ಕೊಡವಿಲ್ಲದ ನಡಿಗೆ

ಶ್ರೀರಂಗಪಟ್ಟಣಕ್ಕೆ ಬಂದ ಮೊದಲ ದಿನವೇ ನಾನು ಒಬ್ಬ ಹುಡುಗಿಗೆ ದಾರಿ ಬಿಟ್ಟೆ. ಟೈಲರಿಂಗ್ ಕಲಿಯಲೆಂದು ನಸೀಮಾ ಆಪಾ ಅವರ ಅಂಗಡಿಯ ಹೊಸ್ತಿಲು ದಾಟುತ್ತಿದ್ದೆ. ಎದುರಿನಿಂದ ಅವಳು ಬಂದಳು. ಎಣ್ಣೆ ಸುರಿಯುವ ತಲೆ, ಒಂದು ಭುಜ ಮೇಲೆ ಒಂದು ಭುಜ ಕೆಳಗೆ, ಕಂಕುಳಲ್ಲಿ ಬಟ್ಟೆಯ ಗಂಟು, ಕಣ್ಣು ನೆಲದ ಮೇಲೆ. ಪಾಪ, ಯಾವ ಹಳ್ಳಿಯಿಂದ ಬಂದಿದ್ದಾಳೋ ಅಂದುಕೊಂಡು ಪಕ್ಕಕ್ಕೆ ಸರಿದೆ. ಅವಳೂ ಸರಿದಳು. ನಾನು ಈ ಕಡೆ ಬಂದರೆ ಅವಳೂ ಈ ಕಡೆಗೇ ಬಂದಳು. ಒಳಗೆ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಆಳೆತ್ತರದ ಕನ್ನಡಿ.

ನಮ್ಮ ಮನೆಯ ಕನ್ನಡಿ ಅಂಗೈ ಅಗಲದ್ದು. ಬಚ್ಚಲ ಗೋಡೆಗೆ ಮಣ್ಣು ಮೆತ್ತಿ ಕೂರಿಸಿದ್ದರು. ಅದರಲ್ಲಿ ಒಂದು ಸಲಕ್ಕೆ ಒಂದು ಕೆನ್ನೆಯೋ ಹಣೆಯೋ ಕಾಣುತ್ತಿತ್ತು, ಅಷ್ಟೆ. ಹಾಗಾಗಿ ನಾನು ನನ್ನನ್ನು ಇಡಿಯಾಗಿ ನೋಡಿಕೊಂಡದ್ದು ಇಪ್ಪತ್ತನೆಯ ವಯಸ್ಸಿನಲ್ಲಿ, ಬೇರೆಯವರ ಅಂಗಡಿಯಲ್ಲಿ, ನಾಲ್ಕು ಜನರ ನಗುವಿನ ನಡುವೆ. ಅವರು ನಕ್ಕದ್ದನ್ನು ಸಂಜೆಯೊಳಗೆ ಮರೆತೆ. ನನ್ನನ್ನೇ ಕಂಡು ನಾನು ಪಾಪ ಅಂದಿದ್ದೆನಲ್ಲ, ಅದನ್ನು ಮರೆಯಲು ಆಗಲಿಲ್ಲ.

ನಾಗಮಂಗಲದ ಕಡೆಯ ಅಕ್ಕತಂಗಿಯರೇ, ನಾನು ಊರು ಬಿಟ್ಟು ಎಷ್ಟು ದೂರ ಹೋದೆ ಅಂತ ಕೇಳಿದರೆ ನೀವು ನಗುತ್ತೀರಿ. ನಮ್ಮೂರಿನಿಂದ ನಾಗಮಂಗಲ, ಅಲ್ಲಿಂದ ಪಾಂಡವಪುರ, ಅಲ್ಲಿಂದ ಶ್ರೀರಂಗಪಟ್ಟಣ, ನಮ್ಮ ಬಾಯಲ್ಲಿ ಪಟ್ಟಣ. ಮೂರು ಬಸ್ಸು, ಅರ್ಧ ದಿನ. ದುಬೈಗೆ ಹೋದವರೂ ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗುತ್ತಾರೆ. ಒಂದು ಸಲ ನನಗೆ ಈ ಅರ್ಧ ದಿನದ ದಾರಿ ಸವೆಸಿ ವಾಪಸ್ ಬರಲು ಮೂರು ವರ್ಷ ಹಿಡಿಯಿತು.

ನನ್ನನ್ನು ಕಳಿಸಿದ್ದು ಒಂದು ಹೆಣ್ಣು ನೋಡುವ ಶಾಸ್ತ್ರ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೆ.ಆರ್. ಪೇಟೆ ಕಡೆಯ ಗಂಡು, ಮೈಸೂರಿನ ಕಾರ್ಖಾನೆಯಲ್ಲಿ ಕೆಲಸ. ಹೆಸರೇನು ಎಂದರು. ಶಾಂತಮ್ಮ ಎಂದು ನನ್ನ ಕಾಲಿನ ಹೆಬ್ಬೆರಳಿಗೆ ಹೇಳಿದೆ. ಮೈಸೂರಿನಲ್ಲಿ ಮನೆ ಮಾಡಿದರೆ ನಿಭಾಯಿಸುತ್ತೀಯಾ ಎಂದರು. ಸೆರಗಿನ ತುದಿ ಬಾಯಿಗೆ ಹೋಯಿತು. ಉಪ್ಪಿಟ್ಟು ಬಾಳೆಹಣ್ಣು ತಿಂದು ಹೋದವರು ದಲ್ಲಾಳಿಯ ಕೈಲಿ ಹೇಳಿಕಳಿಸಿದ ಮಾತು ಹೀಗಿತ್ತು: "ಎಣ್ಣು ಚೆಂದಾಗವ್ಳೆ. ಆದ್ರೆ ಎಮ್ಮೆ ನೋಡ್ದಂಗೆ ನೋಡ್ತಾಳೆ. ಟೌನಿಗೆ ಒಗ್ಗಾಕಿಲ್ಲ."

ಅಪ್ಪನಿಗೆ ಅದು ನಾಟಿತು. "ಪಟ್ಣದಲ್ಲಿ ನಮ್ ಸಾಕಮ್ಮತ್ತೆ ಅವ್ಳೆ. ಒಂದೊರ್ಸ ಟೈಲರಿಂಗ್ ಕಲೀಲಿ. ಒಸಿ ನಯ ನಾಜೂಕು ಬತ್ತದೆ," ಎಂದರು. ನಾನು ತಲೆ ಬಗ್ಗಿಸಿಕೊಂಡೇ ಒಪ್ಪಿದೆ. ಆದರೆ ಒಳಗೊಳಗೇ ನನ್ನ ಲೆಕ್ಕ ಬೇರೆ ಇತ್ತು.

ಅಂಗನವಾಡಿ ನೋಡಲು ತಿಂಗಳಿಗೊಮ್ಮೆ ಒಬ್ಬ ಮೇಡಂ ಮೊಪೆಡ್ ಮೇಲೆ ನಮ್ಮೂರಿಗೆ ಬರುತ್ತಿದ್ದರು. ಕಣ್ಣಿಗೆ ಕಂದು ಕನ್ನಡಕ, ಹೆಗಲಿಗೆ ಚೀಲ, ಗಂಜಿ ಹಾಕಿದ ಸೀರೆ. ಹೆತ್ತ ತಾಯಿ ಬಂದರೂ ಕಟ್ಟೆಯಿಂದ ಕಾಲು ಇಳಿಬಿಡದ ನಮ್ಮೂರ ಗಂಡಸರು ಆಕೆ ಬಂದರೆ ಎದ್ದು ನಿಲ್ಲುತ್ತಿದ್ದರು. "ಗಾಡಿ ಸ್ವಲ್ಪ ನೋಡ್ಕೊಳಿ," ಎಂದು ಆಕೆ ಹೇಳಿದರೆ ಪಂಚಾಯ್ತಿ ಚೇರ್ಮನ್ನರೇ ಹ್ಯಾಂಡಲ್ ಹಿಡಿದುಕೊಂಡು ನಿಂತಿರುತ್ತಿದ್ದರು. ಆಕೆ ಬೈದದ್ದನ್ನು ನಾನು ಕೇಳಿಲ್ಲ, ಗಟ್ಟಿಯಾಗಿ ಮಾತಾಡಿದ್ದೂ ಇಲ್ಲ. ನೆಟ್ಟಗೆ ನಿಂತು ಎದುರಿನವರ ಕಣ್ಣು ನೋಡುತ್ತಿದ್ದರು. ನನಗೆ ಬೇಕಾಗಿದ್ದದ್ದು ಆ ನಿಲುವು. ನಮ್ಮೂರ ಕಟ್ಟೆಯ ಮುಂದೆ ಒಂದು ದಿನ ನಾನು ಹಾಗೆ ನಿಲ್ಲಬೇಕು, ನನ್ನ ಅಪ್ಪ ಅದನ್ನು ನೋಡಬೇಕು. ಆಸೆ ಅಷ್ಟೇ ಇತ್ತು, ಕಡಿಮೆ ಏನಲ್ಲ.

ಸಾಕಮ್ಮತ್ತೆಯ ಮನೆ ಪಟ್ಟಣದ ಪಕ್ಕದ ಗಂಜಾಮಿನಲ್ಲಿ. ವಠಾರದ ಕೊನೆಯ ಕೋಣೆ ನನ್ನದು. ಮೊದಲ ವಾರ ನನ್ನನ್ನು ಕಂಗೆಡಿಸಿದ್ದು ನೀರು. ನಮ್ಮ ಕಡೆ ಬೋರ್‌ವೆಲ್ಲಿನ ಮುಂದೆ ಸರದಿ ನಿಂತು, ಒಂದರ ಮೇಲೊಂದು ಕೊಡ ಹೊತ್ತು ತಂದ ನೀರಿಗೆ ಅಕ್ಕಿಯಷ್ಟೇ ಮರ್ಯಾದೆ. ಇಲ್ಲಿ ಊರಿನ ಸುತ್ತ ಹೊಳೆ, ಗದ್ದೆಯಲ್ಲಿ ನೀರು, ನಲ್ಲಿಯಲ್ಲಿ ನೀರು. ನಾನು ಅರ್ಧ ಬಕೆಟ್ಟಿನಲ್ಲಿ ಸ್ನಾನ ಮಾಡಿ ಉಳಿದದ್ದರಲ್ಲಿ ಬಟ್ಟೆ ಒಗೆದೆ. ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡು, "ಇದೇನಮ್ಮಿ, ನೀರ್ನ ಅಪ್ಪನ್ ಮನೆಗೆ ಕಟ್ಕೊಂಡು ಓಗ್ತೀಯಾ?" ಎಂದರು.

ಊಟದ ವಿಷಯದಲ್ಲಿ ನಗಾಡುವಂಥದ್ದೇನೂ ಇರಲಿಲ್ಲ. ನಮ್ಮಲ್ಲಿ ಬಡಿಸುವವರು ಕೇಳಿದಾಗ ಎರಡು ಸಲ ಸಾಕು ಅನ್ನಬೇಕು, ಅವರು ಮೂರನೆಯ ಸಲ ಬಲವಂತ ಮಾಡಿ ತಟ್ಟೆಗೆ ಮುದ್ದೆ ಹಾಕಬೇಕು. ಅದು ಮರ್ಯಾದೆ. ಅತ್ತೆ ಟೌನಿನಲ್ಲಿ ಮೂವತ್ತು ವರ್ಷ ಬಾಳಿದವರು. ಸಾಕು ಅಂದರೆ ಸಾಕು ಎಂದು ತಿಳಿದುಕೊಂಡು ಪಾತ್ರೆ ಮುಚ್ಚುತ್ತಿದ್ದರು. ಮುದ್ದೆ ತಿಂದ ಹೊಟ್ಟೆಗೆ ಎರಡು ಹಿಡಿ ಅನ್ನ. ಹದಿನೈದು ದಿನ ಹಸಿದುಕೊಂಡೇ ಇದ್ದೆ. ಬೇಕು ಅನ್ನುವ ಒಂದು ಮಾತನ್ನು ಬಾಯಿಂದ ಹೊರಡಿಸಲಾರದವಳು ಚೇರ್ಮನ್ನರ ಕೈಲಿ ಗಾಡಿ ಹಿಡಿಸುತ್ತೀನಿ ಅಂತ ಹೊರಟಿದ್ದೆ, ನೋಡಿ.

ಅಂಗಡಿಯ ಬೋರ್ಡಿನ ಮೇಲೆ ಟೈಲರಿಂಗ್ ಎನ್ನುವುದು ದೊಡ್ಡದಾಗಿತ್ತು, ಬ್ಯೂಟಿ ಪಾರ್ಲರ್ ಎನ್ನುವುದು ಮೂಲೆಯಲ್ಲಿ ಚಿಕ್ಕದಾಗಿತ್ತು. ಮುಂದಿನ ಕೋಣೆಯಲ್ಲಿ ಮೆಷಿನ್ನುಗಳು, ನಡುವೆ ಹಸಿರು ಪರದೆ, ಪರದೆಯ ಹಿಂದೆ ತಿರುಗುವ ಕುರ್ಚಿ. ಒಂದು ದಿನ ಪರದೆ ಸರಿಸಿ ಇಣುಕಿದೆ. ಬೆಳಗೊಳದಿಂದ ಬಂದಿದ್ದ ಒಬ್ಬ ಹೆಂಗಸು ಕುರ್ಚಿಯಲ್ಲಿ ಒರಗಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಸೀಮಾ ಆಪಾ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಉಳಿದದ್ದನ್ನು ಎರಡೂ ಕೈಯಲ್ಲಿ ಹೆಣೆದು, ಸರಸರ ಆಕೆಯ ಹುಬ್ಬಿನ ಕೂದಲು ಕೀಳುತ್ತಿದ್ದರು. ಇದನ್ನು ಥ್ರೆಡಿಂಗ್ ಅನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಅತ್ತ ಹೆಂಗಸು ಎದ್ದು ಕನ್ನಡಿ ನೋಡಿಕೊಂಡರು. ಬಂದಾಗ ಇದ್ದ ಮುಖ ಅಲ್ಲಿರಲಿಲ್ಲ. ಸೆರಗು ಸರಿಮಾಡಿಕೊಂಡು, ಕತ್ತು ಒಂದು ಗೇಣು ಉದ್ದ ಮಾಡಿಕೊಂಡು ಹೊರಟರು. ನನಗೆ ಬೇಕಾಗಿದ್ದ ವಿದ್ಯೆ ಪರದೆಯ ಹಿಂದೆ ಇದೆ ಎಂದು ಆ ಕ್ಷಣವೇ ಗೊತ್ತಾಯಿತು.

ಆಪಾ ಎಂದರೆ ಅಕ್ಕ. ಬೀದಿಗೆ ಬುರ್ಖಾ ಹಾಕಿಕೊಂಡೇ ಹೋಗುವವರು. ಬುರ್ಖಾ ತೆಗೆದು ಮೊಳೆಗೆ ನೇತುಹಾಕಿ ನಿಂತರೆ ಇಡೀ ಪಟ್ಟಣದಲ್ಲಿ ಅವರಷ್ಟು ಗತ್ತಿನ ಹೆಂಗಸು ಇರಲಿಲ್ಲ. ಅವರ ಬಾಯಲ್ಲಿ ಯಾವಾಗಲೂ ಒಂದೇ ಮಾತು, ಶಾನ್. ಶಾನ್ ಎಂದರೆ ಠೀವಿ ಅನ್ನಬಹುದು, ಆದರೆ ಬಟ್ಟೆಬರೆಯ ಠೀವಿಯಷ್ಟೇ ಅಲ್ಲ; ನೀರು ಕುಡಿಯುವುದರಲ್ಲೂ ಅದು ಇರಬೇಕು. ಎರಡು ತಿಂಗಳು ಬಟನ್ ಹೊಲಿದ ಮೇಲೆ ನಾನು ಅವರ ಮುಂದೆ ನಿಂತು, ನನಗೆ ಆ ಕಡೆಯ ಕೆಲಸ ಕಲಿಸಿ ಎಂದೆ. ನಾನಾಗಿ ಬಾಯಿಬಿಟ್ಟು ಬೇಕು ಅಂದ ಮೊದಲ ಸಲ ಅದು.

"ಮನೇಲಿ ಒಪ್ತಾರಾ ಬೇಟಿ?"

"ಒಪ್ತಾರೆ," ಎಂದೆ. ಹಸಿ ಸುಳ್ಳು. ಗೌಡರ ಮನೆಯ ಹುಡುಗಿ ಇನ್ನೊಬ್ಬರ ಕೂದಲು ಕತ್ತರಿಸುತ್ತಾಳೆ ಎಂದರೆ ನಮ್ಮೂರಿನಲ್ಲಿ ಯಾರು ಒಪ್ಪುತ್ತಾರೆ?

"ಆಯ್ತು. ಮೊದ್ಲು ಅಲ್ಲಿಂದ ಇಲ್ಲಿ ತನಕ ನಡ್ಕೊಂಡು ಬಾ."

ನಡೆದೆ. ಆಪಾ ತಲೆ ಚಚ್ಚಿಕೊಂಡರು. "ಯಾ ಅಲ್ಲಾ! ಯಾಕೆ ಹಂಗೆ ನೆಲ ನೋಡ್ತೀಯಾ, ಮೂಗುಬೊಟ್ಟು ಏನಾದ್ರೂ ಬೀಳಿಸ್ಕೊಂಡಿದ್ಯಾ? ಊರಲ್ಲಿ ನೀರು ತರೋದು ಯಾರು?"

"ನಾನೇ."

"ತಲೆ ಮೇಲೆ ಕೊಡ ಇಟ್ಕೊಂಡು ನಡಿಯೋವಾಗ ಹಿಂಗೇ ಬಗ್ತೀಯಾ? ಬಗ್ಗಿದ್ರೆ ಕೊಡ ಬಿದ್ದೋಗಲ್ವಾ? ಈಗ್ಲೂ ತಲೆ ಮೇಲೆ ಕೊಡ ಐತೆ ಅಂದ್ಕೊ. ತುಂಬಿದ ಕೊಡ. ನಡಿ."

ತುಂಬಿದ ಕೊಡ ಅಂದುಕೊಂಡು ನಡೆದೆ. ಕನ್ನಡಿಯಲ್ಲಿ ಎದುರಿಗೆ ಬರುತ್ತಿದ್ದವಳು ನೆಟ್ಟಗೆ ಬಂದಳು. ಎಂಟನೆಯ ವಯಸ್ಸಿನಿಂದ ನೀರು ಹೊತ್ತ ಕತ್ತು ಇದು. ಈ ನಡಿಗೆ ನನ್ನ ಹತ್ತಿರ ಮೊದಲಿಂದಲೂ ಇತ್ತು. ಕೊಡ ಇಳಿಸಿದೊಡನೆ ಅದನ್ನೂ ಇಳಿಸಿಬಿಡುತ್ತಿದ್ದೆ, ನಮ್ಮೂರ ಹೆಂಗಸರೆಲ್ಲ ಮಾಡುವ ಹಾಗೆ. ಆವತ್ತು ಆಪಾಗೆ ಕಾಣದ ಹಾಗೆ ಪರದೆಯಲ್ಲಿ ಕಣ್ಣು ಒರೆಸಿಕೊಂಡೆ.

ವರ್ಷದೊಳಗೆ ಕೈ ಕುದುರಿತು. ಹುಬ್ಬು, ಫೇಶಿಯಲ್, ಮದುವೆ ಹೆಣ್ಣಿನ ಅಲಂಕಾರ, ಎಲ್ಲ ಕಲಿತೆ. ಹಿಮ್ಮಡಿ ಎತ್ತರದ ಚಪ್ಪಲಿ ಕೊಂಡೆ. ಶಾಂತಮ್ಮ ಹೋಗಿ ಶಾಂತಿ ಆದೆ. ಒಂದು ದಿನ ಗಿರಾಕಿಯೊಬ್ಬರು, "ನೀವು ಯಾವ ಕಾಲೇಜಿನಲ್ಲಿ ಓದಿದ್ದು?" ಎಂದು ಕೇಳಿದರು. ಪಿಯುಸಿ ಫೇಲಾದವಳಿಗೆ ಆ ಪ್ರಶ್ನೆಯೇ ಒಂದು ಡಿಗ್ರಿ.

ಆದರೆ ಹಬ್ಬಕ್ಕೆ ಊರಿಗೆ ಹೋಗುವಾಗ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ವೇಷ ಕಳಚುತ್ತಿದ್ದೆ. ಎತ್ತರದ ಚಪ್ಪಲಿ ಚೀಲಕ್ಕೆ, ಹವಾಯಿ ಚಪ್ಪಲಿ ಕಾಲಿಗೆ. ಬಾಟಲಿಯಿಂದ ಎಣ್ಣೆ ಸುರಿದುಕೊಂಡು ಬಿಗಿಯಾಗಿ ಜಡೆ. ನಾಗಮಂಗಲದ ಬಸ್ಸು ಹತ್ತುವವಳು ಶಾಂತಮ್ಮ. ಎರಡು ದಿನ ಬಿಟ್ಟು ಅದೇ ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ ಶಾಂತಿ. ಟೈಲರಿಂಗ್ ಎಲ್ಲಿಗೆ ಬಂತು ಎಂದು ಅಪ್ಪ ಕೇಳಿದರೆ, ಬ್ಲೌಸ್ ತನಕ ಬಂತು ಅನ್ನುತ್ತಿದ್ದೆ. ತಂಗಿ ಪದ್ಮ ಮಾತ್ರ ನನ್ನ ಹುಬ್ಬು ನೋಡಿ ಸುಮ್ಮನೆ ನಗುತ್ತಿದ್ದಳು. ಅವಳಿಗೆ ಎಲ್ಲ ಹೇಳಿದ್ದೆ.

ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟುಕೊಂಡು ಎಷ್ಟು ದಿನ ಹೋಗುತ್ತಿದ್ದೆನೋ, ಚಿನಕುರಳಿಯ ಆ ಮದುವೆ ಬಂತು. ಆಪಾಗೆ ಜ್ವರ. "ನೀನೇ ಹೋಗ್ಬಾ," ಎಂದು ಪೆಟ್ಟಿಗೆ ನನ್ನ ಕೈಗೆ ಕೊಟ್ಟರು. ಒಬ್ಬಳೇ ಹೋದ ಮೊದಲ ಕೆಲಸ. ಕೂಲಿಂಗ್ ಗ್ಲಾಸ್ ಹಾಕಿಕೊಂಡು, ತಲೆ ಮೇಲೆ ಇಲ್ಲದ ಕೊಡ ಇಟ್ಟುಕೊಂಡು ಬಸ್ಸಿಳಿದೆ. ಮದುವೆ ಮನೆಯವರು ಎದ್ದು ದಾರಿ ಬಿಟ್ಟರು. ಯಾರೋ ನನ್ನ ಪೆಟ್ಟಿಗೆ ಹಿಡಿದುಕೊಂಡರು. ಮೊಪೆಡ್ ಮೇಡಂ ನೆನಪಾಗಿ ಹಿಗ್ಗಿದೆ.

ಚಪ್ಪರದ ದಿನ ಅದು. ಬೆಳಗ್ಗೆ ಉಗುರು ತೆಗೆಯುವ ಶಾಸ್ತ್ರ ಮುಗಿದಿತ್ತು. ನಮ್ಮ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಕ್ಷೌರದ ಮನೆಯವರು ಬಂದು ಮದುವೆ ಹೆಣ್ಣಿನ ಉಗುರಿಗೆ ಹಾಲು ತಾಗಿಸಿ ಕತ್ತರಿ ಮುಟ್ಟಿಸುತ್ತಾರೆ, ಆಮೇಲೆ ಹೆಣ್ಣಿಗೆ ನೀರು ಹಾಕುತ್ತಾರೆ. ಅಲ್ಲಿಂದ ಮದುವೆ ಮುಗಿಯುವ ತನಕ ಅವಳ ಮೈಮೇಲಿನ ಒಂದು ಕೂದಲನ್ನೂ ಯಾರೂ ತೆಗೆಯುವ ಹಾಗಿಲ್ಲ. ನಮ್ಮೂರಲ್ಲಿ ಇದನ್ನು ಮಾಡುತ್ತಿದ್ದವನು ನಂಜಪ್ಪ. ನಮ್ಮತ್ತೆಯರ ಮದುವೆಗಳಲ್ಲಿ ಅವನ ಪಕ್ಕ ಕುಕ್ಕುರುಗಾಲಲ್ಲಿ ಕೂತು ನೋಡಿದ್ದೇನೆ. ಊಟ ಜಗುಲಿಯ ಮೇಲೇ ಅವನಿಗೆ. ಅವನು ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ನಾನು ಕಂಡಿಲ್ಲ, ಯಾಕೆ ಬರುವುದಿಲ್ಲ ಎಂದು ಕೇಳಿದ್ದೂ ಇಲ್ಲ.

"ಅಕ್ಕ, ಉಬ್ಬು ಒಸಿ ತೆಳ್ಳಗೆ ಮಾಡಿ," ಎಂದಳು ಮದುವೆ ಹುಡುಗಿ. ಅವಳ ಉಗುರಿನ ಅರಿಶಿನ ಇನ್ನೂ ಹಸಿಯಾಗಿತ್ತು. ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗಲೂ ಹೇಳಲಾರೆ. ಪಕ್ಕದಲ್ಲಿ ಮೈಸೂರಿನಿಂದ ಬಂದ ಅವಳ ಗೆಳತಿ ನನ್ನ ಮುಖ ನೋಡುತ್ತಿದ್ದಳು. ಆಗಲ್ಲ ಕಣವ್ವ, ಶಾಸ್ತ್ರ ಆಗಿದೆ ಅಂದರೆ ನಾನು ಹಳ್ಳಿಯವಳು ಎಂದು ಗೊತ್ತಾಗಿಬಿಡುತ್ತದಲ್ಲ! ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ದನಿಯಲ್ಲಿ, "ಅದೆಲ್ಲ ಹಳೇ ಕಾಲದ ಮಾತು, ಏನೂ ಆಗಲ್ಲ," ಎಂದು ದಾರ ಕಚ್ಚಿದೆ.

ಒಂದು ಹುಬ್ಬು ಮುಗಿದಿತ್ತು. ಅಷ್ಟರಲ್ಲಿ ಹುಡುಗಿಯ ಅಜ್ಜಿ ಬಾಗಿಲಲ್ಲಿ ನಿಂತರು.

"ಅಯ್ಯಯ್ಯೋ! ಉಗುರ್ ತಗ್ದು ನೀರ್ ಉಯ್ದಾದ್ಮೇಲೆ ಎಣ್ಣಿನ್ ಕೂದ್ಲು ಕೀಳ್ತಾರೇನೇ? ಯಾವೂರವ್ವ ನಿಂದು? ಯಾರ್ ಮಗ್ಳು?"

ಪಟ್ಟಣದವಳು ಅಂದುಬಿಟ್ಟಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಬಿಳಿ ಕೂದಲಿನ ಮುದುಕಿ ಎದುರು ನಿಂತು ಯಾರ ಮಗಳು ಎಂದು ಕೇಳಿದರೆ ನಮ್ಮ ಕಡೆ ಹುಟ್ಟಿದವರು ಸುಳ್ಳು ಹೇಳಲಾರರು. ದಾರ ಬಾಯಿಂದ ಜಾರಿತು. ಅಪ್ಪನ ಹೆಸರು, ಅಜ್ಜನ ಹೆಸರು, ಊರು, ಎಲ್ಲವನ್ನೂ ಹೆಬ್ಬೆರಳು ನೋಡುತ್ತ ಒಪ್ಪಿಸಿದೆ.

ಮುದುಕಿ ಹತ್ತಿರ ಬಂದು ನನ್ನ ಗಲ್ಲ ಎತ್ತಿ ಮುಖ ನೋಡಿದರು. "ನಿಮ್ ಅಜ್ಜ ನಮ್ಗೆ ನೆಂಟ್ರು ಕಣವ್ವ," ಎಂದರು ಆಮೇಲೆ. "ಅಂತೋರ್ ಮೊಮ್ಮಗ್ಳು ಉಬ್ಬು ಕೆರ್ಯಕ್ಕೆ ಬಂದಿದ್ದೀಯಾ?"

ಇನ್ನೊಂದು ಹುಬ್ಬು ಮುಟ್ಟಲು ಬಿಡಲಿಲ್ಲ. ಆ ಹುಡುಗಿ ಒಂದು ಹುಬ್ಬು ತೆಳ್ಳಗೆ ಒಂದು ಹುಬ್ಬು ದಪ್ಪಗೆ ಇಟ್ಟುಕೊಂಡು ಅಳುತ್ತ ಕೂತಳು. ನನ್ನ ಕಣ್ಣಿನಿಂದ ಆ ಮುಖ ಇವತ್ತಿಗೂ ಹೋಗಿಲ್ಲ. ಕಪ್ಪು ಪೆನ್ಸಿಲ್ಲನ್ನು ಅವಳ ಗೆಳತಿಯ ಕೈಗೆ ಕೊಟ್ಟು, ಹೇಗೆ ತಿದ್ದಬೇಕೆಂದು ಪಿಸುಗುಟ್ಟಿ, ಪೆಟ್ಟಿಗೆ ಎತ್ತಿಕೊಂಡೆ. ಚಪ್ಪರದ ಕೆಳಗಿನಿಂದ ಬಸ್ ನಿಲ್ಲುವ ಜಾಗದ ತನಕ ಎಲ್ಲರೂ ನೋಡುತ್ತಿದ್ದರು. ತುಂಬಿದ ಕೊಡ, ತುಂಬಿದ ಕೊಡ ಎಂದು ಜಪ ಮಾಡುತ್ತ ನಡೆದೆ.

ಆಪಾ ಜ್ವರದಲ್ಲೇ ಎದ್ದು ಕೂತು ಬೈದರು. "ನಿಮ್ಮೋರ ಶಾಸ್ತ್ರ ನಂಗೇ ಗೊತ್ತೈತೆ, ನಿಂಗೆ ಗೊತ್ತಿಲ್ವಾ? ಅದಕ್ಕೇ ನಾನು ಚಪ್ಪರದ ಹಿಂದಿನ ದಿನಾನೇ ಹೋಗಿ ಹುಬ್ಬು ಮುಗಿಸ್ಕೊಂಡು ಬರೋದು. ಶಾನ್ ಅಂದ್ರೆ ಇನ್ನೊಬ್ಬರ ಮನೇಲಿ ಚಪ್ಪಲಿ ಎಲ್ಲಿ ಬಿಡ್ಬೇಕು ಅಂತ ತಿಳ್ಕೊಳೋದು ಕೂಡ."

ನಾಲ್ಕನೆಯ ದಿನ ಅಪ್ಪ ಬಂದರು. ಚಿನಕುರಳಿಯಿಂದ ನಮ್ಮೂರಿಗೆ ಸುದ್ದಿ ತಲುಪಲು ಅಷ್ಟು ದಿನ ಸಾಕು. ಪಂಚೆ ಎತ್ತಿ ಕಟ್ಟಿಕೊಂಡು ಅಂಗಡಿಯ ಹೊಸ್ತಿಲ ಹೊರಗೆ ನಿಂತು ಬೋರ್ಡಿನ ಮೂಲೆಯ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಆಪಾ ಕುರ್ಚಿ ಹಾಕಿದರು, ಕೂರಲಿಲ್ಲ. ನೀರು ತಂದೆ, ಮುಟ್ಟಲಿಲ್ಲ. ನಮ್ಮಪ್ಪ ಬಿಸಿಲಲ್ಲಿ ಬಂದು ನೀರು ಬೇಡ ಅಂದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಇದು ನಂಜಪ್ಪನ್ ಕೆಲ್ಸ ಕಣವ್ವ," ಎಂದರು ಮೆಲ್ಲಗೆ. "ಕಟ್ಟೆ ಮುಂದೆ ಓಗಕ್ಕಾಯ್ತಿಲ್ಲ ನಂಗೆ. ಗಂಟು ಕಟ್ಕೊ, ನಡಿ ಮನಿಗೆ."

ಕನ್ನಡಿಯ ಮುಂದೆ ಕಲಿತಿದ್ದ ನಾಜೂಕಿನ ಮಾತು ಒಂದೂ ಬಾಯಿಗೆ ಬರಲಿಲ್ಲ. "ನಾನ್ ಬರಾಕಿಲ್ಲ ಕಣಪ್ಪ," ಎಂದೆ. ಅಪ್ಪನ ಕಣ್ಣು ನೋಡಿಕೊಂಡು ನಾನು ಆಡಿದ ಮೊದಲ ಮಾತು ಅದು. ಇಷ್ಟು ದಿನ ಯಾವ ನಿಲುವಿಗಾಗಿ ಹಂಬಲಿಸಿದ್ದೆನೋ ಅದು ಬಂತು. ಬಂದ ಹೊತ್ತು ಎಂಥದು ನೋಡಿ.

ಅಪ್ಪ ಎತ್ತಿ ಕಟ್ಟಿದ್ದ ಪಂಚೆ ಇಳಿಬಿಟ್ಟರು. "ಆಯ್ತು ಬುಡು," ಎಂದರು. "ನಿನ್ ತಂಗಿ ಅವ್ಳೆ. ಅವ್ಳ್ ಮದ್ವೆ ಗೊತ್ತಾಗಗಂಟ ಊರ್ ಕಡೆ ಬರ್ಬ್ಯಾಡ." ಬಗ್ಗಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರ ಬೆನ್ನು ಬಗ್ಗಿದ್ದನ್ನು ನಾನು ಆವತ್ತು ಗಮನಿಸಿದೆ.

ಅದೇ ವಾರ ಸಾಕಮ್ಮತ್ತೆ, "ತೆಪ್ಪು ತಿಳ್ಕೊಬ್ಯಾಡ ಅಮ್ಮಿ, ನಾಳೆ ನಮ್ಮನೇಗೂ ಮಾತು ಬತ್ತದೆ," ಎಂದು ಕೋಣೆ ಬಿಡಿಸಿದರು. ಗಂಟು ಕಂಕುಳಲ್ಲಿ ಇಟ್ಟುಕೊಂಡು ಹೊಳೆಯ ಕಡೆ ನಡೆದೆ. ಸಂಜೆ ಹೊತ್ತು. ಯಾರೋ ಕುಟುಂಬದವರು ತಲೆ ಬೋಳಿಸಿಕೊಂಡು ತಮ್ಮವರ ಬೂದಿ ಬಿಡುತ್ತಿದ್ದರು. ನಮ್ಮೂರಿನಲ್ಲಿ ಸತ್ತವರನ್ನೂ ಇಲ್ಲಿಗೇ ತರುತ್ತಾರೆ. ನೀರನ್ನೇ ನೋಡುತ್ತ ನಿಂತೆ. ಬರೀ ನೀರು ನೋಡಿದೆ, ಬೇರೇನೂ ಯೋಚಿಸಲಿಲ್ಲ ಎಂದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಆಪಾ ಹುಡುಕಿಕೊಂಡು ಬಂದು ಗಂಟು ಕಿತ್ತುಕೊಂಡರು. ಅಂಗಡಿಗೆ ಕರೆದುಕೊಂಡು ಬಂದರು. ಆವತ್ತಿನಿಂದ ಮೆಷಿನ್ನುಗಳ ನಡುವೆ ಚಾಪೆ ಹಾಸಿಕೊಂಡು ಮಲಗಿದೆ.

ಆಮೇಲಿನ ಮೂರು ವರ್ಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಂಡವಪುರದಲ್ಲಿ ಸ್ವಂತದ್ದೊಂದು ಸಣ್ಣ ಅಂಗಡಿ ಮಾಡಿದೆ. ಹಿಂದೆ ವೇಷ ಬದಲಿಸುತ್ತಿದ್ದೆನಲ್ಲ, ಆ ಬಸ್‌ಸ್ಟ್ಯಾಂಡಿನ ಎದುರಿಗೇ. ಮೊಪೆಡ್ ಕಲಿತೆ. ಕೂತವರು ನನ್ನನ್ನು ಕಂಡರೆ ಈಗ ಎದ್ದು ನಿಲ್ಲುತ್ತಾರೆ. ದಿನಾ ಮಧ್ಯಾಹ್ನ ನಾಗಮಂಗಲದ ಬಸ್ಸು ಬಂದಾಗ ಕೈಯಲ್ಲಿರುವ ದಾರ ನಿಲ್ಲಿಸಿ, ಊರಿನ ಮುಖ ಯಾವುದಾದರೂ ಇಳಿಯುತ್ತದಾ ಎಂದು ನೋಡುತ್ತಿದ್ದೆ. ಇಳಿದರೂ ನನ್ನ ಅಂಗಡಿಯ ಕಡೆ ತಿರುಗುತ್ತಿರಲಿಲ್ಲ. ನಾನು ಯಾರ ಕಣ್ಣಿಗೆ ಚೆನ್ನಾಗಿ ಕಾಣಬೇಕೆಂದು ಇಷ್ಟೆಲ್ಲ ಮಾಡಿಕೊಂಡೆನೋ ಅವರು ಆ ಕಡೆ ಮುಖ ಮಾಡಿಕೊಂಡು ಹೋಗುತ್ತಿದ್ದರು. ಇದಕ್ಕಿಂತ ಎಮ್ಮೆ ನೋಡಿದಂಗೆ ನೋಡಿಕೊಂಡು ಬಿದ್ದಿದ್ದರೇ ಚೆನ್ನಾಗಿತ್ತು ಅಂತ ಎಷ್ಟೋ ದಿನ ಅನ್ನಿಸಿದೆ.

ಕೊನೆಗೆ ಪದ್ಮಳ ಕಾಗದ ಬಂತು. "ಅಕ್ಕ, ನನ್ನ ಮದುವೆ ಗೊತ್ತಾಗಿದೆ. ನೀನು ಬರಬಹುದು ಎಂದು ಅಪ್ಪ ಹೇಳಿದ್ದಾರೆ. ಆದರೆ ನಿನ್ನ ಕೆಲಸದ ಬಗ್ಗೆ ಯಾರ ಹತ್ತಿರವೂ ಮಾತಾಡಬಾರದಂತೆ. ನನ್ನ ಮುಖ ಮುಟ್ಟಬಾರದಂತೆ. ಅಲಂಕಾರಕ್ಕೆ ಮಂಡ್ಯದಿಂದ ಒಬ್ಬರನ್ನು ಕರೆಸುತ್ತಾರೆ. ದಯವಿಟ್ಟು ಬಾ."

ನಾಲ್ಕು ತಾಲ್ಲೂಕಿನ ಮದುವೆ ಹೆಣ್ಣುಗಳ ಮುಖ ತಿದ್ದಿದ ಕೈ ಇದು. ಒಡಹುಟ್ಟಿದವಳ ಮುಖ ಮುಟ್ಟುವ ಹಾಗಿಲ್ಲ. ಕಾಗದ ಹರಿದು ಹಾಕಿ ಮತ್ತೆ ಅಂಟಿಸಿದೆ. ಹೋದೆ. ಪಾಂಡವಪುರದಲ್ಲಿ ಈ ಸಲ ವೇಷ ಬದಲಿಸಲಿಲ್ಲ.

ಮನೆಯ ಮುಂದೆ ಹಸಿರು ಚಪ್ಪರ. ಅವ್ವ ಓಡಿ ಬಂದು ನನ್ನ ಕೈ ಹಿಡಿದು, ಬಿಟ್ಟು, "ಉಂಡಾ?" ಎಂದು ಮಾತ್ರ ಕೇಳಿ ಒಳಗೆ ಹೋದಳು. ಅಪ್ಪ ಬೀಗರ ಜೊತೆ ಮಾತಾಡುತ್ತಲೇ ಇದ್ದರು. ಒಳಗೆ ಹೋಗಲೋ ಬೇಡವೋ ಗೊತ್ತಾಗದೆ ನಿಂತಿದ್ದೆ. ಜಗುಲಿಯ ಮೇಲೆ ನಂಜಪ್ಪ ಕೂತಿದ್ದ. ಶಾಸ್ತ್ರದ ಕೆಲಸ ಹಿಂದಿನ ದಿನವೇ ಮುಗಿದಿತ್ತು, ಊಟಕ್ಕೆ ಬಂದಿದ್ದ. ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ ನಕ್ಕ.

"ಏನವ್ವಾರೇ, ನಮ್ ಕೆಲ್ಸಕ್ಕೇ ಬಂದ್ಬುಟ್ರಂತೆ?"

"ಊಂ ಕಣ್ ನಂಜಪ್ಪ."

"ಕೈ ಅದುರ್ತದಾ?"

"ಇಲ್ಲ."

"ಅಂಗಾರೆ ಸೈ ಬುಡಿ," ಎಂದು ಹೆಗಲ ಮೇಲಿನ ಟವೆಲ್ಲಿನಿಂದ ಜಗುಲಿಯ ಧೂಳು ಒರೆಸಿ, ಸರಿದು ಕೂತು ಜಾಗ ಮಾಡಿಕೊಟ್ಟ. ನಾನು ಕೂತೆ. ನಾನು ಹುಟ್ಟಿದ ಮನೆಯಲ್ಲಿ ಆವತ್ತು ನನಗೆ ಜಾಗ ಕೊಟ್ಟವನು ಅವನೊಬ್ಬನೇ. ಅವನಿಗೆ ನಾವು ಯಾವತ್ತೂ ಒಳಗೆ ಬಾ ಅಂದಿರಲಿಲ್ಲ. ನಾಚಿಕೆಗೆ ನನಗೆ ಅವನ ಮುಖ ನೋಡಲಾಗಲಿಲ್ಲ.

ಪದ್ಮಳನ್ನು ಹೊರಗೆ ಕರೆತಂದು ಚಪ್ಪರದ ಕೆಳಗೆ ಹಸೆಯ ಮೇಲೆ ಕೂರಿಸಿದರು. ಮಂಡ್ಯದವರು ಮೊಗ್ಗಿನ ಜಡೆ ಚೆನ್ನಾಗಿ ಹಾಕಿದ್ದರು. ಆದರೆ ಬೊಟ್ಟು ವಾರೆಯಾಗಿತ್ತು. ಒಂದು ಕಾಳಿನಷ್ಟು ಬಲಕ್ಕೆ. ಬೇರೆ ಯಾರಿಗೂ ಕಾಣುತ್ತಿರಲಿಲ್ಲ, ನನಗೆ ಕಂಡಿತು. ಫೋಟೊದವನು ಕ್ಯಾಮರಾ ಎತ್ತುತ್ತಿದ್ದ. ನನ್ನ ಬೆರಳುಗಳು ತಾವಾಗಿಯೇ ಬೊಟ್ಟು ಹಿಡಿಯುವ ಹಾಗೆ ಜೋಡಿಕೊಂಡವು. ಎದ್ದು ಹತ್ತು ಹೆಜ್ಜೆ ಇಟ್ಟರೆ ಸಾಕಿತ್ತು. ಅಪ್ಪ ಅಲ್ಲೇ ನಿಂತಿದ್ದರು.

ಪದ್ಮ ತಲೆ ಎತ್ತಿ ಜನರ ನಡುವೆ ನನ್ನನ್ನು ಹುಡುಕಿದಳು. ಕಣ್ಣು ಸೇರಿತು. ನಾನು ನನ್ನ ಹಣೆಯ ಬೊಟ್ಟಿನ ಮೇಲೆ ಬೆರಳಿಟ್ಟು ಮೆಲ್ಲಗೆ ಒಂದು ಕಾಳಿನಷ್ಟು ಎಡಕ್ಕೆ ಸರಿಸಿದೆ. ಅವಳು ತನ್ನ ಬೊಟ್ಟಿನ ಮೇಲೆ ಬೆರಳಿಟ್ಟಳು, ಸರಿಸಿದಳು. ಸಾಕಾ ಎಂದು ಕಣ್ಣಲ್ಲೇ ಕೇಳಿದಳು. ಇನ್ನೊಂದು ಚೂರು ಎಂದೆ. ಸರಿಸಿದಳು. ಅಪ್ಪ ಅವಳ ಬೆರಳನ್ನು ನೋಡಿದರು, ತಿರುಗಿ ಜಗುಲಿಯ ಮೇಲಿದ್ದ ನನ್ನ ಬೆರಳನ್ನೂ ನೋಡಿದರು. ಫೋಟೊದವನಿಗೆ, "ಒಸಿ ತಡಿಯಪ್ಪ," ಎಂದು ಮಾತ್ರ ಹೇಳಿದರು.

ಸಂಜೆಯ ಬಸ್ಸಿಗೆ ಹೊರಟೆ. ಅಪ್ಪ ಕಟ್ಟೆಯ ತನಕ ಬರಲಿಲ್ಲ. ಪಟ್ಟಣದಲ್ಲಿ ನಾನು ನಾಗಮಂಗಲದ ಶಾಂತಿ, ನಾಗಮಂಗಲದಲ್ಲಿ ಪಟ್ಟಣದ ಕೆಲಸ ಕಲಿತು ಕೆಟ್ಟವಳು, ಎರಡರ ನಡುವೆ ಪಾಂಡವಪುರದಲ್ಲಿ ಬಸ್ಸು ಇಳಿದು ಬೀಗ ತೆಗೆಯುವವಳು. ಪದ್ಮ ಆಮೇಲೆ ಆ ಫೋಟೊದ ಒಂದು ಪ್ರತಿ ಕಳಿಸಿದಳು. ಅಂಗಡಿಯ ಕನ್ನಡಿಯ ಪಕ್ಕದಲ್ಲಿ ಹಾಕಿದ್ದೇನೆ. ನಮ್ಮ ಮನೆಯವರೆಲ್ಲ ಅದರಲ್ಲಿದ್ದಾರೆ, ನಾನಿಲ್ಲ. ಬೊಟ್ಟು ನೆಟ್ಟಗಿದೆ.